ಬಂಜರು ಎನ್ನುವ ಮುನ್ನ

ಚಳ್ಳಕೆರೆ ತಾಲ್ಲೂಕಿನ ಉಳ್ಳಾರ್ತಿ ಕಾವಲಿನಲ್ಲಿ ಗುಂಡಿ ತೋಡಿಸಲು ಇಸ್ರೊ 2020ರಲ್ಲಿ ಟೆಂಡರ್ ಕರೆಯಿತು. ಹತ್ತು ಮೀಟರ್ ಅಗಲ, ಮೂರು ಮೀಟರ್ ಆಳ. ಕಾಮಗಾರಿಯ ಮೊತ್ತ ಸುಮಾರು 24 ಲಕ್ಷ ರೂಪಾಯಿ. ಕೃಷಿಹೊಂಡ, ಗೋಕಟ್ಟೆ, ಚೆಕ್ ಡ್ಯಾಂ ಎಂದು ನೀರಿಗಾಗಿ ನೆಲ ಅಗೆಯುವುದು ಈ ಸೀಮೆಗೆ ಹೊಸದಲ್ಲ. ರಾಜ್ಯದಲ್ಲೇ ಅತಿ ಕಡಿಮೆ ಮಳೆ ಬೀಳುವ ತಾಲ್ಲೂಕುಗಳಲ್ಲಿ ಇದೂ ಒಂದು. ಆದರೆ ಈ ಗುಂಡಿಗಳಲ್ಲಿ ನೀರು ನಿಲ್ಲಬೇಕಿರಲಿಲ್ಲ. ಅವು ಚಂದ್ರನ ನೆಲದ ಕುಳಿಗಳ ನಕಲು. ಚಂದ್ರಯಾನ-2ರ ತಯಾರಿಗೂ 2016ರಲ್ಲಿ ಇದೇ ಕಾವಲಿನಲ್ಲಿ ಕುಳಿಗಳನ್ನು ತೋಡಿ, ಅವುಗಳ ಮೇಲೆ ಸಣ್ಣ ವಿಮಾನ ಹಾರಿಸಿ, ಲ್ಯಾಂಡರ್‌ನ ಕ್ಯಾಮೆರಾ ಮತ್ತು ಸೆನ್ಸರ್‌ಗಳು ಹಳ್ಳ ಯಾವುದು, ಸಮತಟ್ಟು ಯಾವುದು ಎಂದು ಸರಿಯಾಗಿ ಗುರುತಿಸುತ್ತವೆಯೇ ಎಂದು ನೋಡಿದ್ದರು. 2019ರ ಸೆಪ್ಟೆಂಬರ್ 7ರ ನಸುಕಿನಲ್ಲಿ ಆ ಲ್ಯಾಂಡರ್ ‘ವಿಕ್ರಮ್’ ಚಂದ್ರನ ಮೇಲೆ ಮುಗ್ಗರಿಸಿತು. 2023ರ ಆಗಸ್ಟ್ 23ರ ಸಂಜೆ ಚಂದ್ರಯಾನ-3ರ ಎರಡನೆಯ ವಿಕ್ರಮ್ ಇಳಿಯಿತು. ಆ ದಿನ ಟೀವಿ ಮುಂದೆ ಕುಳಿತವರಿಗೆಲ್ಲ ನೆನಪಿದೆ.

ಆ ಸಂಭ್ರಮದಲ್ಲಿ ಯಾರ ಗಮನಕ್ಕೂ ಬಾರದೆ ಹೋದದ್ದು ಲ್ಯಾಂಡರನ್ನು ಚಂದ್ರನವರೆಗೆ ಹೊತ್ತು ತಂದ ಪ್ರೊಪಲ್ಷನ್ ಮಾಡ್ಯೂಲ್. ಆಗಸ್ಟ್ 17ರಂದು ವಿಕ್ರಮ್‌ನನ್ನು ಬೀಳ್ಕೊಟ್ಟು ಅದು ಚಂದ್ರನನ್ನು ಸುತ್ತುತ್ತ ಉಳಿಯಿತು. ಅದರ ಮೈಮೇಲಿದ್ದದ್ದು ಒಂದೇ ಒಂದು ವೈಜ್ಞಾನಿಕ ಉಪಕರಣ, ಹೆಸರು ‘ಶೇಪ್’. ಬೆಂಗಳೂರಿನ ಯು.ಆರ್. ರಾವ್ ಉಪಗ್ರಹ ಕೇಂದ್ರದಲ್ಲಿ ಸಿದ್ಧವಾದದ್ದು. ಚಂದ್ರನ ಕಕ್ಷೆಯಲ್ಲಿದ್ದರೂ ಅದಕ್ಕೆ ಚಂದ್ರನ ಉಸಾಬರಿ ಇರಲಿಲ್ಲ. ಅದು ನೋಡುತ್ತಿದ್ದುದು ಭೂಮಿಯನ್ನು. ಭೂಮಿಯ ಕಡಲು, ಖಂಡ, ಮೋಡ ಒಂದನ್ನೂ ಬಿಡಿಬಿಡಿಯಾಗಿ ನೋಡದೆ, ಇಡೀ ಗೋಳದಿಂದ ಒಟ್ಟಾಗಿ ಬರುವ ಬೆಳಕನ್ನು ಮಾತ್ರ ಅಳೆಯುವುದು ಅದರ ಕೆಲಸ. ಬೇರೊಂದು ನಕ್ಷತ್ರದ ಬಳಿ ಕುಳಿತವರಿಗೆ ನಮ್ಮ ಭೂಮಿ ಹೇಗೆ ಕಂಡೀತು ಎಂಬ ಪ್ರಶ್ನೆಗೆ ಉಪಕರಣದ ಮೂಲಕ ಉತ್ತರ ಕೇಳುವ ಪ್ರಯತ್ನ ಇದು.

ಸೂರ್ಯನಾಚೆ ಬೇರೆ ನಕ್ಷತ್ರಗಳನ್ನು ಸುತ್ತುವ ಹೊರಗ್ರಹಗಳ ಬಗ್ಗೆ ನಮ್ಮ ಪತ್ರಿಕೆಗಳಲ್ಲಿ ಸುದ್ದಿ ಬರುವುದೆಲ್ಲ ಅಮೆರಿಕ, ಯುರೋಪಿನ ದೂರದರ್ಶಕಗಳಿಂದ. ಚಳ್ಳಕೆರೆಯ ಕಾವಲಿನಲ್ಲಿ ಪಾಠ ಕಲಿತ ಒಂದು ಯಾನದ ಬೆನ್ನಮೇಲೆ ಆ ಹುಡುಕಾಟದ ಒಂದು ಎಳೆ ಕೂತು ಹೋಗಿತ್ತು ಎಂಬುದನ್ನು ನಾವು ಇನ್ನಷ್ಟು ಗಟ್ಟಿಯಾಗಿ ಹೇಳಿಕೊಳ್ಳಬೇಕಿತ್ತು.

ಹೊರಗ್ರಹವನ್ನು ಕಣ್ಣಾರೆ ಕಾಣುವುದು ಬಹುಮಟ್ಟಿಗೆ ಆಗದ ಮಾತು. ನಕ್ಷತ್ರದ ಪ್ರಖರತೆಯಲ್ಲಿ ಗ್ರಹ ಮುಳುಗಿಹೋಗುತ್ತದೆ. ಆದ್ದರಿಂದ ಪರೋಕ್ಷ ದಾರಿಗಳೇ ಗತಿ. ಗ್ರಹದ ಸೆಳೆತಕ್ಕೆ ನಕ್ಷತ್ರ ಸಣ್ಣಗೆ ಓಲಾಡುತ್ತದೆ. ಆ ಓಲಾಟವನ್ನು ಅದರ ಬೆಳಕಿನ ರೋಹಿತದಲ್ಲಿ ಹಿಡಿಯಬಹುದು. 1995ರಲ್ಲಿ ಮಿಷೆಲ್ ಮೇಯರ್ ಮತ್ತು ದಿದಿಯೇ ಕೆಲೋ 51 ಪೆಗಾಸಿ ನಕ್ಷತ್ರದ ಗ್ರಹವನ್ನು ಹಿಡಿದದ್ದು ಹೀಗೆ. 2019ರಲ್ಲಿ ಅದಕ್ಕೆ ನೊಬೆಲ್ ಬಂತು. ಇನ್ನೊಂದು ದಾರಿ ಸಂಕ್ರಮಣ. ಗ್ರಹವು ತನ್ನ ನಕ್ಷತ್ರದ ಮುಂದೆ ಹಾದುಹೋಗುವಾಗ ಬೆಳಕು ತುಸು ತಗ್ಗುತ್ತದೆ. ನಮ್ಮ ಭೂಮಿ ಸೂರ್ಯನ ಮುಂದೆ ಹಾದರೆ ದೂರದವರಿಗೆ ಸೂರ್ಯನ ಬೆಳಕು ತಗ್ಗುವುದು ಹತ್ತು ಸಾವಿರದಲ್ಲಿ ಒಂದು ಪಾಲಿಗಿಂತಲೂ ಕಡಿಮೆ. ಅಷ್ಟನ್ನೂ ಅಳೆಯಬಲ್ಲ ಕೆಪ್ಲರ್, ಟೆಸ್ ದೂರದರ್ಶಕಗಳು ಬಂದ ಮೇಲೆ ಲೆಕ್ಕ ಓಡತೊಡಗಿತು. ಖಚಿತವಾದ ಹೊರಗ್ರಹಗಳ ಸಂಖ್ಯೆ 2025ರ ಸೆಪ್ಟೆಂಬರ್‌ನಲ್ಲಿ 6000 ದಾಟಿತು.

ಈ ಕೆಲಸದಲ್ಲಿ ಕರ್ನಾಟಕಕ್ಕೆ ಬೇರೆ ನಂಟೂ ಇದೆ. ಲಡಾಖ್‌ನ ಹಾನ್ಲೆಯಲ್ಲಿ 4500 ಮೀಟರ್ ಎತ್ತರದಲ್ಲಿರುವ ಹಿಮಾಲಯನ್ ಚಂದ್ರ ದೂರದರ್ಶಕವನ್ನು ನಡೆಸುವುದು ಬೆಂಗಳೂರಿನ ಪಕ್ಕದ ಹೊಸಕೋಟೆಯಿಂದ, ಉಪಗ್ರಹ ಸಂಪರ್ಕದ ಮೂಲಕ. ಭಾರತೀಯ ಖಭೌತ ವಿಜ್ಞಾನ ಸಂಸ್ಥೆಯ ಆ ಕೇಂದ್ರದವರು ರಾತ್ರಿಯಿಡೀ ಹೊಸಕೋಟೆಯಲ್ಲಿ ಕುಳಿತು ಹಿಮಾಲಯದ ಆಕಾಶ ನೋಡುತ್ತಾರೆ. ರಾಜ್ಯದಾಚೆ, ಗುಜರಾತ್-ರಾಜಸ್ಥಾನದ ಗಡಿಯ ಮೌಂಟ್ ಅಬುವಿನಲ್ಲಿ, ಅಹಮದಾಬಾದಿನ ಭೌತ ಸಂಶೋಧನಾ ಪ್ರಯೋಗಾಲಯದ ‘ಪರಸ್’ ಉಪಕರಣ ಹೊಸ ಗ್ರಹಗಳನ್ನೇ ಪತ್ತೆ ಮಾಡಿದೆ.

ಗ್ರಹ ಸಿಕ್ಕ ಮಾತ್ರಕ್ಕೆ ಜೀವ ಸಿಕ್ಕಂತಲ್ಲ. ಅಲ್ಲಿಂದ ಬರುವ ಬೆಳಕಿನಲ್ಲಿ ಜೀವದ ಗುರುತು ಹೇಗಿರುತ್ತದೆ ಎಂದು ತಿಳಿದಿರಬೇಕು. ಗೊತ್ತಿರುವ ಮಾದರಿ ಒಂದೇ, ನಮ್ಮ ಭೂಮಿ. ದೂರದಲ್ಲಿ ಧೂಳೆಬ್ಬಿಸಿ ಬರುವ ಹಿಂಡಿನಲ್ಲಿ ತನ್ನ ಎತ್ತು ಯಾವುದೆಂದು ದನ ಕಾಯುವ ಕಿಲಾರಿ ಹೆಜ್ಜೆಯಿಂದಲೇ ಹೇಳಬಲ್ಲ, ಯಾಕೆಂದರೆ ಅದನ್ನು ಅವನು ದಿನವೂ ಹತ್ತಿರದಿಂದ ಕಂಡಿದ್ದಾನೆ. ದೂರದ ಭೂಮಿಯನ್ನು ಗುರುತಿಸಬೇಕಾದವರು ಈ ಭೂಮಿಯ ಹೆಜ್ಜೆಯನ್ನು ಮೊದಲು ಕಲಿಯಬೇಕು.

ಶೇಪ್ ಅಳೆಯುವುದು ಅವಕೆಂಪು ಬೆಳಕನ್ನು, 1.0ರಿಂದ 1.7 ಮೈಕ್ರಾನ್ ಅಲೆಯುದ್ದದ ನಡುವೆ. ನೀರಾವಿ, ಆಮ್ಲಜನಕ, ಇಂಗಾಲದ ಡೈಆಕ್ಸೈಡ್ ಈ ಹರವಿನಲ್ಲಿ ತಮ್ಮ ತಮ್ಮ ಜಾಗದಲ್ಲಿ ಬೆಳಕನ್ನು ಹೀರಿ ಗುರುತು ಬಿಡುತ್ತವೆ. ಜೊತೆಗೆ ಶೇಪ್ ಬೆಳಕಿನ ಧ್ರುವೀಕರಣವನ್ನೂ ಅಳೆಯುತ್ತದೆ. ನಕ್ಷತ್ರದಿಂದ ನೇರ ಬರುವ ಬೆಳಕಿನ ಅಲೆಗಳು ಎಲ್ಲ ದಿಕ್ಕಿಗೂ ಕಂಪಿಸುತ್ತವೆ. ಅದೇ ಬೆಳಕು ಮೋಡದ ಹನಿಗೋ ಕಡಲಿನ ಮೇಲ್ಮೈಗೋ ತಾಗಿ ಚಿಮ್ಮಿದಾಗ ಒಂದು ದಿಕ್ಕಿನ ಕಂಪನ ಮೇಲುಗೈ ಪಡೆಯುತ್ತದೆ. ಎಷ್ಟು ಎಂಬುದು ಹನಿಯ ಗಾತ್ರಕ್ಕೂ ನಾವು ನೋಡುವ ಕೋನಕ್ಕೂ ತಕ್ಕಂತೆ ಬದಲಾಗುತ್ತದೆ. ಅಂದರೆ ಒಂದು ಚುಕ್ಕಿಯಷ್ಟೇ ಕಾಣುವ ಗ್ರಹದಲ್ಲಿ ಮೋಡವಿದೆಯೇ, ದ್ರವರೂಪದ ನೀರಿದೆಯೇ ಎಂದು ಕೇಳಲು ಇದು ದಾರಿ. ಚಂದ್ರನ ಬಳಿಯಿಂದ ನೋಡುವಾಗ ಭೂಮಿಗೂ ಪಾಡ್ಯ, ಅಷ್ಟಮಿ, ಹುಣ್ಣಿಮೆಗಳಿವೆ. ಕೋನ ತಾನಾಗಿ ಬದಲಾಗುತ್ತ ಹೋಗುತ್ತದೆ.

2023ರ ಅಕ್ಟೋಬರ್ 28ರ ರಾತ್ರಿ ನಮ್ಮ ಊರುಗಳಲ್ಲಿ ಖಂಡಗ್ರಾಸ ಚಂದ್ರಗ್ರಹಣ ಕಂಡಿತು. ಚಂದ್ರನ ಕಡೆಯಿಂದ ನೋಡಿದರೆ ಅದೇ ಸೂರ್ಯಗ್ರಹಣ, ಸೂರ್ಯನಿಗೆ ಅಡ್ಡ ಬರುವುದು ಭೂಮಿ. ಆ ಹೊತ್ತಿಗೆ ಶೇಪ್‌ಗೆ ವಿಶೇಷ ಕೆಲಸ ಒಪ್ಪಿಸಿದ್ದಾಗಿ ಇಸ್ರೊ ತಿಳಿಸಿತ್ತು. ನೂರು ಕಿಲೊಗೂ ಹೆಚ್ಚು ಇಂಧನ ಉಳಿದಿದ್ದರಿಂದ ಮಾಡ್ಯೂಲನ್ನು ಚಂದ್ರನ ಕಕ್ಷೆಯಿಂದ ಬಿಡಿಸಿ ಭೂಮಿಯ ಸುತ್ತಲಿನ ಎತ್ತರದ ಕಕ್ಷೆಗೆ ತಂದರು. ಮೂಲ ಯೋಜನೆಯಲ್ಲಿ ಇಲ್ಲದ ಕೆಲಸವದು. 2025ರ ನವೆಂಬರ್‌ನಲ್ಲಿ ಅದು ಮತ್ತೆ ಚಂದ್ರನ ಬಳಿ ಎರಡು ಸಲ ಹಾದುಹೋಯಿತು.

ಭೂಮಿಯನ್ನು ಹೀಗೆ ಪರಕೀಯರ ಕಣ್ಣಿಂದ ನೋಡುವ ಆಲೋಚನೆಯ ಹಿಂದೆ ಖಗೋಳ ವಿಜ್ಞಾನಿ ಕಾರ್ಲ್ ಸೇಗನ್ ಇದ್ದಾರೆ. ಗುರುಗ್ರಹಕ್ಕೆ ಹೊರಟಿದ್ದ ಗೆಲಿಲಿಯೋ ನೌಕೆ 1990ರ ಡಿಸೆಂಬರ್ 8ರಂದು ವೇಗ ಪಡೆಯಲು ಭೂಮಿಯ ಸಮೀಪ ಹಾದಾಗ, ಅದರ ಉಪಕರಣಗಳನ್ನೆಲ್ಲ ಭೂಮಿಯತ್ತ ತಿರುಗಿಸಲಾಯಿತು. ಏನೂ ಗೊತ್ತಿಲ್ಲದವರಂತೆ, ಈ ಗ್ರಹದಲ್ಲಿ ಜೀವವಿದೆಯೇ ಎಂದು ಸೇಗನ್ ಮತ್ತು ಸಂಗಡಿಗರು ಕೇಳಿಕೊಂಡರು. 1993ರಲ್ಲಿ ‘ನೇಚರ್’ ಪತ್ರಿಕೆಯಲ್ಲಿ ಉತ್ತರ ಪ್ರಕಟವಾಯಿತು. ಹೇರಳ ಆಮ್ಲಜನಕ, ಜೊತೆಗೆ ಮೀಥೇನ್. ಇವೆರಡೂ ಹೆಚ್ಚು ಕಾಲ ಒಟ್ಟಿಗೆ ಬಾಳುವುದಿಲ್ಲ, ಒಂದನ್ನೊಂದು ತಿಂದುಹಾಕುತ್ತವೆ. ಎರಡೂ ಇವೆ ಎಂದಾದರೆ ಯಾವುದೋ ಒಂದು ಕಡೆಯಿಂದ ಸತತವಾಗಿ ಪೂರೈಕೆಯಾಗುತ್ತಿರಬೇಕು. ಆಮ್ಲಜನಕ ಬರುವುದು ಹಸಿರಿನಿಂದ. ಮೀಥೇನ್ ಬರುವ ಹಲವು ದಾರಿಗಳಲ್ಲಿ ಜೌಗು ನೆಲ, ಭತ್ತದ ಗದ್ದೆ, ಮೆಲುಕು ಹಾಕುವ ದನದ ಹೊಟ್ಟೆ ಸೇರಿವೆ. ಕಾವಲಿನ ಜಾಲಿಯ ನೆರಳಲ್ಲಿ ಕಣ್ಣು ಮುಚ್ಚಿ ಮೆಲುಕಾಡಿಸುವ ಅಮೃತಮಹಲ್ ಹಸು, ಇಲ್ಲಿ ಜೀವವಿದೆ ಎಂದು ಬ್ರಹ್ಮಾಂಡಕ್ಕೆ ಸಾರುವ ಅನಿಲದ ಒಂದು ಕಣವನ್ನು ತಾನೂ ಸೇರಿಸುತ್ತಿದೆ. ಇದು ವಿಜ್ಞಾನ ಹೇಳುವ ನೇರ ಮಾತು, ಅಲಂಕಾರವಲ್ಲ.

ಅದೇ ಪ್ರಬಂಧದಲ್ಲಿ ನನ್ನನ್ನು ಹಿಡಿದು ನಿಲ್ಲಿಸಿದ ಸಂಗತಿ ಇನ್ನೊಂದು. ಗೆಲಿಲಿಯೋ ಹತ್ತಿರದಿಂದ ಸ್ಪಷ್ಟ ಚಿತ್ರ ತೆಗೆದದ್ದು ಆಸ್ಟ್ರೇಲಿಯಾ ಮತ್ತು ಅಂಟಾರ್ಕ್ಟಿಕಾದ ಭಾಗಗಳನ್ನು. ಆ ಚಿತ್ರಗಳಲ್ಲಿ ಮನುಷ್ಯ ವಾಸದ ಖಚಿತ ಗುರುತು ಒಂದೂ ಸಿಗಲಿಲ್ಲ. ಹತ್ತಾರು ಸಾವಿರ ವರ್ಷಗಳಿಂದ ಜನ ಬದುಕಿರುವ ಒಣನೆಲ ಮೇಲಿನಿಂದ ಖಾಲಿಯಾಗಿ ಕಂಡಿತು.

ಚಳ್ಳಕೆರೆಯ ಕಾವಲುಗಳ ಮಟ್ಟಿಗೂ ಆದದ್ದು ಇದೇ. ಮೈಸೂರು ಒಡೆಯರ ಕಾಲದ ಬೆಣ್ಣೆ ಚಾವಡಿ, ಟಿಪ್ಪುವಿನ ಕಾಲಕ್ಕೆ ಅಮೃತಮಹಲ್ ಆಯಿತು. ತೋಪು ಎಳೆಯುವ ಎತ್ತುಗಳ ತಳಿಗಾಗಿ ಕಾಪಿಟ್ಟ ಹುಲ್ಲುಗಾವಲುಗಳಿವು. ಮ್ಯಾಸನಾಯಕರ ದೇವರ ಎತ್ತು, ಕಾಡುಗೊಲ್ಲರ ಮಂದೆ, ಕುರುಬರ ಕುರಿ ಇಲ್ಲಿ ಮೇಯ್ದವು. ಚಳ್ಳಕೆರೆಯ ಕಂಬಳಿಯ ಉಣ್ಣೆಗೆ ಮೂಲ ಈ ಹುಲ್ಲು. ಕೃಷ್ಣಮೃಗ, ತೋಳ, ನೆಲದಲ್ಲೇ ಮೊಟ್ಟೆಯಿಡುವ ಹಕ್ಕಿಗಳು ಇಂಥ ಬಯಲನ್ನೇ ನಂಬಿವೆ. ಆದರೆ ಉಪಗ್ರಹ ಚಿತ್ರಗಳ ಆಧಾರದಲ್ಲೇ ತಯಾರಾಗುವ ದೇಶದ ಪಾಳುಭೂಮಿ ನಕಾಶೆಗಳಲ್ಲಿ ಒಣ ಕುರುಚಲು ನೆಲಕ್ಕೆ ಸಿಕ್ಕ ಹಣೆಪಟ್ಟಿ ‘ಪಾಳು’. 2010ರ ಆಸುಪಾಸಿನಲ್ಲಿ ಇಲ್ಲಿನ ಕಾವಲುಗಳ ಸಾವಿರಾರು ಎಕರೆ ಕೈಬದಲಾಯಿತು. ಭಾರತೀಯ ವಿಜ್ಞಾನ ಸಂಸ್ಥೆಗೆ ಕುದಾಪುರದಲ್ಲಿ 1500 ಎಕರೆ, ಡಿಆರ್‌ಡಿಒಗೆ ವೈಮಾನಿಕ ಪರೀಕ್ಷಾ ವಲಯಕ್ಕಾಗಿ ನಾಲ್ಕು ಸಾವಿರ ಎಕರೆಗೂ ಮಿಗಿಲು, ಭಾಭಾ ಅಣುಸಂಶೋಧನಾ ಕೇಂದ್ರಕ್ಕೆ, ಇಸ್ರೊಗೆ ಉಳ್ಳಾರ್ತಿಯಲ್ಲಿ. ಬೇಲಿ, ಕಾಂಪೌಂಡು ಎದ್ದವು. ದನ ಕುರಿ ಮೇಯಿಸುವವರು ದಾರಿ ಕೇಳಿದರು, ಧರಣಿ ಕುಳಿತರು. 2013ರಲ್ಲಿ ಪ್ರಕರಣ ಚೆನ್ನೈನ ಹಸಿರು ನ್ಯಾಯಮಂಡಳಿ ತಲುಪಿತು. ಎರ್ಲಡ್ಡು ಹಕ್ಕಿಯ ಮಾತೂ ಆ ವಾದಗಳಲ್ಲಿ ಬಂತು.

ವಿಜ್ಞಾನ ಸಂಸ್ಥೆಗಳು ಇಲ್ಲಿಗೆ ಬಂದದ್ದೇ ತಪ್ಪು ಎಂದು ನಾನು ಹೇಳಲಾರೆ. ಚಂದ್ರಯಾನದ ಗೆಲುವಿನಲ್ಲಿ ಈ ನೆಲದ ಪಾಲಿದೆ. ‘ಪುಷ್ಪಕ್’ ಎಂಬ ಇಸ್ರೊದ ರೆಕ್ಕೆಯುಳ್ಳ ಮರುಬಳಕೆ ವಾಹನ ಚಿನೂಕ್ ಹೆಲಿಕಾಪ್ಟರಿನಿಂದ ನಾಲ್ಕೂವರೆ ಕಿಲೊಮೀಟರ್ ಎತ್ತರದಲ್ಲಿ ಕಳಚಿಕೊಂಡು ತಾನಾಗಿಯೇ ರನ್‌ವೇಗೆ ಇಳಿದದ್ದು ಇಲ್ಲಿಯೇ, 2023ರ ಏಪ್ರಿಲ್ 2ರಂದು ಮೊದಲ ಬಾರಿ, 2024ರ ಮಾರ್ಚ್ ಮತ್ತು ಜೂನ್‌ನಲ್ಲಿ ಮತ್ತೆರಡು ಬಾರಿ. ನನ್ನ ತಕರಾರು ‘ಇಲ್ಲಿ ಏನೂ ಇಲ್ಲ’ ಎಂದು ಅಳೆಯದೆಯೇ ಬರೆದುಬಿಟ್ಟ ಕಡತದ ಮೇಲೆ. ಬೇರೆ ಲೋಕದ ಜೀವ ಹುಡುಕುವವರು ಅಂಥ ಒಂದು ವಾಕ್ಯವನ್ನು ಬರೆಯಲು ಹೆದರುತ್ತಾರೆ. ‘ಇದೆ’ ಎನ್ನಲೂ ಅಷ್ಟೇ ಹೆದರುತ್ತಾರೆ.

ಕೆ2-18ಬಿ ಎಂಬ ಗ್ರಹದ ಕಥೆಯನ್ನೇ ನೋಡಿ. ಸಿಂಹರಾಶಿಯ ದಿಕ್ಕಿನಲ್ಲಿ 124 ಜ್ಯೋತಿರ್ವರ್ಷ ದೂರ. ಭೂಮಿಯ ಎರಡೂವರೆ ಪಟ್ಟಿಗೂ ಹೆಚ್ಚು ಅಗಲ, ಎಂಟೂವರೆ ಪಟ್ಟು ತೂಕ. ಅಲ್ಲಿನ ವರ್ಷ ನಮ್ಮ 33 ದಿನ. ಕೇಂಬ್ರಿಜ್‌ನ ನಿಕ್ಕು ಮಧುಸೂದನ್ ಅವರ ತಂಡ ಜೇಮ್ಸ್ ವೆಬ್ ದೂರದರ್ಶಕದ ನೆರವಿನಿಂದ 2023ರಲ್ಲಿ ಅದರ ವಾತಾವರಣದಲ್ಲಿ ಮೀಥೇನ್ ಮತ್ತು ಇಂಗಾಲದ ಡೈಆಕ್ಸೈಡ್ ಕಂಡಿತು. ಜಲಜನಕದ ಹೊದಿಕೆಯಡಿ ಕಡಲಿರುವ ಗ್ರಹ ಇದಾಗಿರಬಹುದು ಎಂಬುದು ಅವರ ಊಹೆ. 2025ರ ಏಪ್ರಿಲ್‌ನಲ್ಲಿ ಅದೇ ತಂಡ ಡೈಮೀಥೈಲ್ ಸಲ್ಫೈಡ್‌ನ ಸುಳಿವು ಸಿಕ್ಕಿದೆ ಎಂದಿತು. ಭೂಮಿಯಲ್ಲಿ ಆ ಅನಿಲ ಬರುವುದು ಮುಖ್ಯವಾಗಿ ಕಡಲಿನ ಸೂಕ್ಷ್ಮ ಸಸ್ಯಗಳಿಂದ. ‘ಅನ್ಯಗ್ರಹದಲ್ಲಿ ಜೀವ!’ ಎಂದು ಜಗತ್ತಿನ ತುಂಬ ಶೀರ್ಷಿಕೆಗಳು. ತಂಡ ಹೇಳಿದ್ದು ಅಷ್ಟಲ್ಲ. ಸುಳಿವು ಆಕಸ್ಮಿಕವಾಗಿರುವ ಸಾಧ್ಯತೆ ಸಾವಿರಕ್ಕೆ ಮೂರು ಎಂಬ ಮಟ್ಟದ ಖಾತರಿ ಅವರದು. ವಿಜ್ಞಾನ ಒಪ್ಪುವುದು ಲಕ್ಷಾಂತರದಲ್ಲಿ ಒಂದು ಎಂಬ ಮಟ್ಟ ಮುಟ್ಟಿದಾಗ. ಬೇರೆ ತಂಡಗಳು ಅದೇ ದತ್ತಾಂಶವನ್ನು ತಮ್ಮ ವಿಧಾನದಲ್ಲಿ ಸೋಸಿ ನೋಡಿ, ಸುಳಿವು ಅಷ್ಟು ಗಟ್ಟಿಯಿಲ್ಲ ಎಂದವು. ಮೇಲಾಗಿ ಅದೇ ಅನಿಲ 67ಪಿ ಧೂಮಕೇತುವಿನಲ್ಲೂ ಕಂಡಿದೆ, ಅಲ್ಲಿ ಯಾವ ಪಾಚಿಯೂ ಇಲ್ಲ. ಇನ್ನೂ ಹತ್ತಿರದ, 40 ಜ್ಯೋತಿರ್ವರ್ಷ ದೂರದ ಟ್ರ್ಯಾಪಿಸ್ಟ್-1 ನಕ್ಷತ್ರದ ಏಳು ಗ್ರಹಗಳಲ್ಲಿ ಒಳಗಿನ ಎರಡಕ್ಕೆ ದಟ್ಟ ವಾತಾವರಣ ಇರುವಂತಿಲ್ಲ ಎಂದು ವೆಬ್ 2023ರಲ್ಲಿ ತೋರಿಸಿತು. ನಿರಾಸೆಯ ಸುದ್ದಿಯೂ ಸುದ್ದಿಯೇ. ಅಳೆದು ಬಂದ ‘ಇಲ್ಲ’ಕ್ಕೆ ಬೆಲೆಯಿದೆ.

ಅಲ್ಲಿಗೆ ಹೋಗಿಯೇ ನೋಡಿದರಾಗದೆ ಎಂದು ಮಕ್ಕಳು ಕೇಳುತ್ತಾರೆ. ಸೂರ್ಯನನ್ನು ಬಿಟ್ಟರೆ ಅತಿ ಹತ್ತಿರದ ನಕ್ಷತ್ರ ಪ್ರಾಕ್ಸಿಮಾ 4.24 ಜ್ಯೋತಿರ್ವರ್ಷ ದೂರದಲ್ಲಿದೆ. ಅದಕ್ಕೊಂದು ಗ್ರಹವಿರುವುದು 2016ರಲ್ಲಿ ತಿಳಿಯಿತು. ಮನುಷ್ಯ ಕಳಿಸಿದ ವಸ್ತುಗಳಲ್ಲಿ ಅತಿ ದೂರ ಹೋಗಿರುವ ವಾಯೇಜರ್-1 ಸೆಕೆಂಡಿಗೆ ಸುಮಾರು 17 ಕಿಲೊಮೀಟರ್ ವೇಗದಲ್ಲಿದೆ. ಆ ವೇಗದಲ್ಲಿ ಪ್ರಾಕ್ಸಿಮಾ ತಲುಪಲು 70 ಸಾವಿರ ವರ್ಷಕ್ಕೂ ಹೆಚ್ಚು ಬೇಕು. 1977ರಲ್ಲಿ ಹೊರಟ ಆ ನೌಕೆ 2012ರ ಆಗಸ್ಟ್‌ನಲ್ಲಿ ಸೂರ್ಯನ ಗಾಳಿಯ ಎಲ್ಲೆ ದಾಟಿ ನಕ್ಷತ್ರಗಳ ನಡುವಿನ ಅವಕಾಶಕ್ಕೆ ಕಾಲಿಟ್ಟಿತು. ಅದರ ಪಕ್ಕೆಗೆ ಬಿಗಿದ ಚಿನ್ನದ ಲೇಪದ ತಾಮ್ರದ ತಟ್ಟೆಯಲ್ಲಿ 55 ಭಾಷೆಗಳ ಶುಭಾಶಯಗಳಿವೆ. ಅವುಗಳಲ್ಲಿ ಒಂದು ಕನ್ನಡ, ಕನ್ನಡಿಗರ ಪರವಾಗಿ ಹೇಳಿದ ಒಂದು ಪುಟ್ಟ ನಮಸ್ಕಾರ. ಕೇಳುವವರು ಇದ್ದಾರೋ ಇಲ್ಲವೋ ತಿಳಿಯದೆ ನಮ್ಮ ನುಡಿ ಸೌರಮಂಡಲದಾಚೆ ಸಾಗುತ್ತಿದೆ ಎಂಬ ಯೋಚನೆಗೆ ನನಗೆ ಇಂದಿಗೂ ಮೈ ಜುಮ್ಮೆನ್ನುತ್ತದೆ.

ದೂರದವರಿಗೆ ಬರೆದಿಟ್ಟ ಮಾತು ಏನಾಗುತ್ತದೆ ಎಂದು ತಿಳಿಯಲು ಮೊಳಕಾಲ್ಮುರು ತಾಲ್ಲೂಕಿನ ಜಟಿಂಗ ರಾಮೇಶ್ವರ ಬೆಟ್ಟಕ್ಕೆ ಹೋಗಬೇಕು. ಜಟಾಯು ರಾವಣನೊಡನೆ ಕಾದಾಡಿ ರೆಕ್ಕೆ ಕಳೆದುಕೊಂಡದ್ದು ಇಲ್ಲೇ ಎನ್ನುತ್ತದೆ ಊರಿನ ನಂಬಿಕೆ. ಅದೇ ಸೀಮೆಯ ಆಕಾಶದಲ್ಲಿ ಪುಷ್ಪಕ್ ಇಳಿದದ್ದು ಕಾಕತಾಳೀಯ, ಆದರೂ ಬೆಟ್ಟ ಹತ್ತುವಾಗ ಅದು ಮನಸ್ಸಿಗೆ ಬಾರದೆ ಇರದು. ಮೇಲೆ ದೇವಸ್ಥಾನದ ಮೆಟ್ಟಿಲ ಬಳಿಯ ಬಂಡೆಯ ಮೇಲೆ ಅಶೋಕನ ಶಾಸನವಿದೆ. ಶಾಸನತಜ್ಞ ಬಿ.ಎಲ್. ರೈಸ್ 1892ರಲ್ಲಿ ಬ್ರಹ್ಮಗಿರಿ, ಸಿದ್ದಾಪುರದ ಶಾಸನಗಳೊಂದಿಗೆ ಇದನ್ನೂ ಬೆಳಕಿಗೆ ತಂದರು. ಮೂರರಲ್ಲಿ ಅತಿ ಹೆಚ್ಚು ಸವೆದದ್ದು ಇದೇ. ಬಂಡೆಗೆ ಬಳೆಗಾರ ಗುಂಡು ಎಂದು ಹೆಸರು. ಜಾತ್ರೆಯ ದಿನ ಬಳೆಗಾರರು ಅಂಗಡಿ ಹರವುತ್ತಿದ್ದ ಜಾಗ. ಬರಿಗಣ್ಣಿಗೆ ಮೊದಲು ಕಾಣುವುದು ಒರಟು ಕಲ್ಲಷ್ಟೇ. ಬಿಸಿಲು ಓರೆಯಾಗಿ ಬಿದ್ದಾಗ ಬ್ರಾಹ್ಮಿಯ ಒಂದು ಗೆರೆ, ಒಂದು ಕೊಂಡಿ ನೆರಳು ಹಿಡಿದು ಮೇಲೇಳುತ್ತದೆ. ಪಕ್ಕದ ಅಕ್ಷರ ಇಲ್ಲ, ಅದರಾಚೆ ಅರ್ಧ ಇದೆ. ಬೆರಳು ಆಡಿಸಿದರೆ ಕಲ್ಲಿನ ಸಹಜ ಹೊಂಡ ಯಾವುದು, ಉಳಿಯ ಏಟು ಯಾವುದು ಎಂದು ಹೇಳಲು ಬರುವುದಿಲ್ಲ.

ಸುವರ್ಣಗಿರಿ ಎಂಬ ಆಡಳಿತ ಕೇಂದ್ರದಿಂದ ಈ ಸೀಮೆಯ ಇಸಿಲ ಎಂಬ ಊರಿನ ಅಧಿಕಾರಿಗಳಿಗೆ ಬಂದ ಆಜ್ಞೆ ಅದು. ಧರ್ಮದ ಈ ಪ್ರಯತ್ನ ಗಡಿಯಾಚೆಯವರಿಗೂ ತಿಳಿಯಲಿ, ಬಹುಕಾಲ ನಿಲ್ಲಲಿ ಎಂಬ ಆಶಯ ಅದರಲ್ಲಿದೆ. ತಂದೆತಾಯಿಗೆ ವಿಧೇಯರಾಗಿ, ಜೀವಿಗಳ ಮೇಲೆ ದಯೆಯಿಡಿ, ಸತ್ಯ ನುಡಿಯಿರಿ ಎಂಬ ಬುದ್ಧಿಮಾತೂ ಇದೆ. ಬ್ರಹ್ಮಗಿರಿಯಲ್ಲಿ ಕೊನೆಗೆ ಚಪಡ ಎಂಬ ಲಿಪಿಕಾರ ತನ್ನ ಹೆಸರು ಕೆತ್ತಿ, ಲಿಪಿಕಾರ ಎಂಬ ಪದವನ್ನು ಮಾತ್ರ ವಾಯವ್ಯದ ಖರೋಷ್ಠಿಯಲ್ಲಿ ಬಲದಿಂದ ಎಡಕ್ಕೆ ಬರೆದಿದ್ದಾನೆ. ಈ ಊರಿನಲ್ಲಿ ಆ ಲಿಪಿ ಬಲ್ಲವರು ಯಾರಿದ್ದರೋ. ಮುಂದೆ ಬ್ರಾಹ್ಮಿಯನ್ನೂ ಓದಬಲ್ಲವರು ಇಲ್ಲವಾದರು. 1837ರಲ್ಲಿ ಜೇಮ್ಸ್ ಪ್ರಿನ್ಸೆಪ್ ಕಲ್ಕತ್ತೆಯಲ್ಲಿ ಕುಳಿತು ಅದರ ಗಂಟು ಬಿಡಿಸುವವರೆಗೆ, ಇದೇ ಗ್ರಹದಲ್ಲಿ, ಇದೇ ದೇಶದಲ್ಲಿ, ಬರೆದವರ ಮರಿಮಕ್ಕಳಿಗೇ ಆ ಮಾತು ಮುಚ್ಚಿಹೋಗಿತ್ತು. ಪ್ರಿನ್ಸೆಪ್‌ಗೆ ಕೀಲಿ ಸಿಕ್ಕಿದ್ದು ಸಾಂಚಿಯ ಸಣ್ಣ ಸಣ್ಣ ದಾನಶಾಸನಗಳಲ್ಲಿ ಮತ್ತೆ ಮತ್ತೆ ಬರುವ ಒಂದೇ ಪದದಿಂದ. ಹೊರಗ್ರಹದ ಬೆಳಕನ್ನು ಓದುವವರ ಪಾಡೂ ಇದಕ್ಕಿಂತ ಭಿನ್ನವಲ್ಲ. ಅರ್ಧ ಸವೆದ ಗೆರೆಗಳು. ಯಾವುದು ಅಣುವಿನ ಗುರುತು, ಯಾವುದು ಉಪಕರಣದ ಗದ್ದಲ ಎಂಬ ಗೊಂದಲ. ಖಚಿತವಾಗಿ ಬಲ್ಲ ಒಂದು ಪದ ಸಿಗುವವರೆಗೆ ಕಾಯುವ ತಾಳ್ಮೆ. ಶೇಪ್ ಕಲಿಸಿಕೊಡುತ್ತಿರುವುದು ಆ ಒಂದು ಪದವನ್ನು.

ಜೀವ ಇರಬಹುದಾದ ಗ್ರಹಗಳನ್ನು ನೇರವಾಗಿ ಚಿತ್ರಿಸಲು ನಾಸಾ ಯೋಚಿಸಿರುವ ದೊಡ್ಡ ದೂರದರ್ಶಕ ಹಾರುವುದು 2040ರ ದಶಕದಲ್ಲಿ. ಹೊರಗ್ರಹಗಳ ವಾತಾವರಣ ನೋಡುವ ‘ಎಕ್ಸೊವರ್ಲ್ಡ್ಸ್’ ಎಂಬ ಯೋಜನೆಯ ಬಗ್ಗೆ ಇಸ್ರೊದಲ್ಲೂ ಚರ್ಚೆ ನಡೆದಿದೆ. ಅವುಗಳ ದತ್ತಾಂಶ ಬರುವ ಹೊತ್ತಿಗೆ ಕೆಲಸಕ್ಕೆ ಕೂರಬೇಕಾದವರು ಇಂದು ನಾಯಕನಹಟ್ಟಿ, ರಾಂಪುರ, ಹಾನಗಲ್‌ನ ಶಾಲೆಗಳಲ್ಲಿ ಇದ್ದಾರೆ. ಕುದಾಪುರದ ವಿಜ್ಞಾನ ಸಂಸ್ಥೆಯ ಆವರಣದಲ್ಲಿ ಶಾಲಾ ಶಿಕ್ಷಕರಿಗೆ ವರ್ಷಗಳಿಂದ ತರಬೇತಿ ನಡೆಯುತ್ತಿದೆ. ಅಲ್ಲಿಗೆ ಬರುವ ಮೇಷ್ಟ್ರುಗಳಿಗೆ ಶೇಪ್‌ನ ರೋಹಿತವನ್ನು ಕನ್ನಡದಲ್ಲಿ ಬಿಡಿಸಿ ತೋರಿಸಬೇಕು, ನೀರಾವಿಯ ತಗ್ಗು ಎಲ್ಲಿದೆ, ಆಮ್ಲಜನಕದ್ದು ಎಲ್ಲಿದೆ ಎಂದು. ಅದರ ಜೊತೆಗೇ ಆವರಣದ ಬೇಲಿಯೊಳಗಿನ ಹುಲ್ಲಿನ ಜಾತಿಗಳನ್ನು, ಹಕ್ಕಿಗಳನ್ನು, ಮೇಯಲು ಬಂದು ಹೋಗುವ ಮಂದೆಗಳನ್ನು ಆ ಮೇಷ್ಟ್ರುಗಳೂ ಮಕ್ಕಳೂ ಕಿಲಾರಿಗಳನ್ನು ಕೇಳಿ ಕೇಳಿ ಪಟ್ಟಿ ಮಾಡಲಿ, ಆ ಪಟ್ಟಿ ತಾಲ್ಲೂಕು ಕಚೇರಿಯ ಕಡತಕ್ಕೆ ಸೇರಲಿ. ಕಾವಲಿನ ಮುಂದಿನ ಎಕರೆಯನ್ನು ಯಾರಿಗೆ ಕೊಡಬೇಕು ಎಂದು ತೀರ್ಮಾನಿಸುವವರು ಸಹಿ ಹಾಕುವ ಮೊದಲು ಅದನ್ನು ಓದಲಿ.